ದೇವಿಕಾ ರಾಣಿ: ಮೊದಲ ಫಾಲ್ಕೆ ಪ್ರಶಸ್ತಿಯ ಹಿಂದಿನ ಬದುಕು

ಭಾರತ ಸರ್ಕಾರ ನೀಡುವ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಒಂದು ಗೌರವ ಉಳಿದವುಗಳಿಂದ ಭಿನ್ನವಾದುದು. ಉಳಿದ ಪ್ರಶಸ್ತಿಗಳು ಆಯಾ ಸಾಲಿನ ಚಿತ್ರಗಳಿಗೆ ಮತ್ತು ಅವುಗಳಲ್ಲಿ ದುಡಿದ ಕಲಾವಿದರಿಗೆ, ತಂತ್ರಜ್ಞರಿಗೆ ಸಲ್ಲುತ್ತವೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮಾತ್ರ ಇಡೀ ಜೀವಮಾನದ ಕೆಲಸವನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಭಾರತೀಯ ಚಲನಚಿತ್ರದ ಆದ್ಯ ಪ್ರವರ್ತಕ ಧುಂಡಿರಾಜ ಗೋವಿಂದ ಫಾಲ್ಕೆ ಅವರ ಜನ್ಮಶತಮಾನೋತ್ಸವ ಸಮೀಪಿಸುತ್ತಿದ್ದ ಸಂದರ್ಭದಲ್ಲಿ, 1969ರಲ್ಲಿ, ಈ ಪ್ರಶಸ್ತಿ ಸ್ಥಾಪನೆಯಾಯಿತು. ಆ ಸಾಲಿನ ಹದಿನೇಳನೆಯ ರಾಷ್ಟ್ರೀಯ ಪ್ರಶಸ್ತಿಗಳ ಜೊತೆಯಲ್ಲಿ ಅದನ್ನು ಮೊದಲ ಬಾರಿಗೆ ಪಡೆದವರು ದೇವಿಕಾ ರಾಣಿ ರೋರಿಚ್. ಆ ವೇಳೆಗೆ ಅವರು ಚಿತ್ರರಂಗವನ್ನು ತೊರೆದು ಇಪ್ಪತ್ತನಾಲ್ಕು ವರ್ಷಗಳಾಗಿದ್ದವು. ಬೆಂಗಳೂರಿನ ಹೊರವಲಯದ ತೋಟವೊಂದರಲ್ಲಿ ಅವರ ವಾಸವಾಗಿತ್ತು.

ಈ ಆಯ್ಕೆಯನ್ನು ಕುರಿತು ಬಂದಿರುವ ಬರಹಗಳು ಸಾಮಾನ್ಯವಾಗಿ ಅವರನ್ನು ಭಾರತೀಯ ಚಿತ್ರರಂಗದ ಪ್ರಥಮ ಮಹಿಳೆ ಎಂದು ಕರೆದು ಮುಂದೆ ಸಾಗುತ್ತವೆ. ಈ ಬಿರುದು ಅವರ ಮುಖವನ್ನು ನೆನಪಿನಲ್ಲಿ ಉಳಿಸಿದೆ, ಅವರ ಕೆಲಸವನ್ನು ಮರೆಸಿದೆ ಎಂಬುದು ಪ್ರಸ್ತುತ ಲೇಖನದ ನಿಲುವು. ದೇವಿಕಾ ರಾಣಿ ಅವರು ನಾಯಕಿಯಾಗಿ ಅಭಿನಯಿಸಿದ ಚಿತ್ರಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟುವುದಿಲ್ಲ. ಅವರ ಜೀವನದ ಅತ್ಯಂತ ಭಾರವಾದ ಹೊಣೆ 1940ರಿಂದ 1945ರವರೆಗೆ ಬಾಂಬೆ ಟಾಕೀಸ್ ಎಂಬ ಸ್ಟುಡಿಯೊವನ್ನು ನಡೆಸಿದ್ದು. ಈ ಐದು ವರ್ಷಗಳನ್ನು ಕೇಂದ್ರದಲ್ಲಿಟ್ಟುಕೊಂಡು ಅವರ ಬದುಕನ್ನು ಓದಿದರೆ ಮೊದಲ ಫಾಲ್ಕೆ ಪ್ರಶಸ್ತಿಯ ಅರ್ಥವೂ ಬೇರೆಯಾಗಿ ಕಾಣುತ್ತದೆ.

ಫಾಲ್ಕೆ ಅವರ ಹೆಸರಿನ ಪ್ರಶಸ್ತಿ ಮೊದಲು ಮಹಿಳೆಯೊಬ್ಬರಿಗೆ ಸಂದದ್ದರಲ್ಲಿ ಚರಿತ್ರೆಯ ಒಂದು ಸ್ವಾರಸ್ಯವೂ ಇದೆ. 1913ರಲ್ಲಿ 'ರಾಜಾ ಹರಿಶ್ಚಂದ್ರ' ಚಿತ್ರವನ್ನು ತಯಾರಿಸುವಾಗ ಫಾಲ್ಕೆ ಅವರಿಗೆ ತಾರಾಮತಿಯ ಪಾತ್ರಕ್ಕೆ ಸ್ತ್ರೀಯರು ದೊರೆಯಲಿಲ್ಲ. ಕಡೆಗೆ ಉಪಾಹಾರಗೃಹವೊಂದರಲ್ಲಿ ಅಡುಗೆಯ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನಿಗೆ ಸೀರೆಯುಡಿಸಿ ಕ್ಯಾಮೆರಾದ ಮುಂದೆ ನಿಲ್ಲಿಸಬೇಕಾಯಿತು. ಅದೇ ವರ್ಷದ 'ಮೋಹಿನಿ ಭಸ್ಮಾಸುರ' ಚಿತ್ರಕ್ಕೆ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಒಪ್ಪಿದರಾದರೂ ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಸಿನಿಮಾದಲ್ಲಿ ಕಾಣಿಸಿಕೊಳ್ಳಬಾರದೆಂಬ ನಂಬಿಕೆ ಮುಂದೆಯೂ ಬಹುಕಾಲ ಉಳಿಯಿತು. ದೇವಿಕಾ ರಾಣಿ ಅವರ ಜೀವನಕಥೆಯನ್ನು ಈ ನಂಬಿಕೆಯ ಹಿನ್ನೆಲೆಯಲ್ಲಿಯೇ ನೋಡಬೇಕು.

ಅವರು ಹುಟ್ಟಿದ್ದು 1908ರ ಮಾರ್ಚ್ 30ರಂದು, ವಿಶಾಖಪಟ್ಟಣದ ಬಳಿಯ ವಾಲ್ಟೇರಿನಲ್ಲಿ. ತಂದೆ ಕರ್ನಲ್ ಮನ್ಮಥನಾಥ ಚೌಧುರಿ ಮದರಾಸು ಪ್ರಾಂತದ ಸರ್ಜನ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯ. ಬಂಗಾಳಿ ಗದ್ಯಕ್ಕೆ ಆಡುಮಾತಿನ ಜೀವ ತುಂಬಿದ ಲೇಖಕ ಪ್ರಮಥ ಚೌಧುರಿ ಅವರ ಚಿಕ್ಕಪ್ಪ. ಮನೆತನಕ್ಕೆ ರವೀಂದ್ರನಾಥ ಠಾಕೂರರ ಕುಟುಂಬದೊಂದಿಗೆ ರಕ್ತಸಂಬಂಧವಿತ್ತು. ಒಂಬತ್ತನೆಯ ವಯಸ್ಸಿಗೇ ಅವರನ್ನು ಇಂಗ್ಲೆಂಡಿನ ವಸತಿಶಾಲೆಗೆ ಕಳುಹಿಸಲಾಯಿತು. ಬಳಿಕ ಲಂಡನ್ನಿನಲ್ಲಿ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ ಸಂಸ್ಥೆಯಲ್ಲಿ ನಾಟಕವನ್ನೂ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಸಂಗೀತವನ್ನೂ ಅಭ್ಯಾಸ ಮಾಡಿದರು. ಆದರೆ ಜೀವನೋಪಾಯಕ್ಕೆ ಆಯ್ದುಕೊಂಡದ್ದು ಜವಳಿ ವಿನ್ಯಾಸದ ಕೆಲಸವನ್ನು. ಬಟ್ಟೆ, ಬಣ್ಣ, ಅಲಂಕಾರಗಳ ಈ ತರಬೇತಿಯೇ ಅವರನ್ನು ಸಿನಿಮಾಕ್ಕೆ ಕರೆತಂದಿತು. ಅಭಿನಯ ಆಮೇಲಿನ ಮಾತು.

1928ರಲ್ಲಿ ಅವರು ಹಿಮಾಂಶು ರಾಯ್ ಅವರನ್ನು ಭೇಟಿಯಾದರು. ಕಾನೂನು ಓದಲೆಂದು ಲಂಡನ್ನಿಗೆ ಹೋಗಿದ್ದ ರಾಯ್ ರಂಗಭೂಮಿಯತ್ತ ಹೊರಳಿ, ಜರ್ಮನಿಯ ಬಂಡವಾಳ ಮತ್ತು ತಂತ್ರಜ್ಞರ ನೆರವಿನಿಂದ ಭಾರತೀಯ ಕಥೆಗಳನ್ನು ಚಿತ್ರಿಸುತ್ತಿದ್ದರು. ಬುದ್ಧನ ಬದುಕನ್ನು ಕುರಿತ 'ಲೈಟ್ ಆಫ್ ಏಷ್ಯಾ' 1925ರಲ್ಲಿಯೇ ತೆರೆಕಂಡಿತ್ತು. ಅದರ ನಿರ್ದೇಶನದಲ್ಲಿ ಜೊತೆಯಾಗಿದ್ದ ಫ್ರಾಂಜ್ ಓಸ್ಟೆನ್ ಮುಂದೆಯೂ ರಾಯ್ ಅವರ ಸಂಗಡವೇ ಉಳಿದರು. ಮಹಾಭಾರತದ ದ್ಯೂತಪ್ರಸಂಗದ ಜಾಡಿನಲ್ಲಿ ಕಟ್ಟಿದ 'ಎ ಥ್ರೋ ಆಫ್ ಡೈಸ್' ಮೂಕಚಿತ್ರಕ್ಕೆ ವಸ್ತ್ರ ಹಾಗೂ ದೃಶ್ಯಸಜ್ಜೆಯ ಸಹಾಯಕಿಯಾಗಿ ದೇವಿಕಾ ರಾಣಿ ಸೇರಿಕೊಂಡರು. 1929ರಲ್ಲಿ ಇಬ್ಬರ ವಿವಾಹವಾಯಿತು. ಅನಂತರ ದಂಪತಿಗಳು ಬರ್ಲಿನ್ನಿಗೆ ತೆರಳಿದರು. ಯೂರೋಪಿನ ಅತಿ ದೊಡ್ಡ ಚಿತ್ರ ತಯಾರಿಕಾ ಸಂಸ್ಥೆಯಾಗಿದ್ದ ಊಫಾದಲ್ಲಿ ಅವರು ಪ್ರಸಾಧನದಿಂದ ಮೊದಲುಗೊಂಡು ತಯಾರಿಕೆಯ ಹಲವು ವಿಭಾಗಗಳ ಕೆಲಸವನ್ನು ಸಮೀಪದಿಂದ ಕಂಡು ಕಲಿತರು. ಒಂದು ಚಿತ್ರ ಹೇಗೆ ಹಂತ ಹಂತವಾಗಿ ಸಿದ್ಧವಾಗುತ್ತದೆಂಬುದನ್ನು ಇಷ್ಟು ಕ್ರಮವಾಗಿ ಅರಿತ ಬೇರೊಬ್ಬ ಭಾರತೀಯ ಮಹಿಳೆ ಆ ಕಾಲದಲ್ಲಿ ಇದ್ದಿರಲಾರರು.

ಇಂಗ್ಲಿಷ್ ಮತ್ತು ಹಿಂದಿ ಎರಡೂ ಭಾಷೆಗಳಲ್ಲಿ ತಯಾರಾದ 'ಕರ್ಮ' 1933ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಬಿಡುಗಡೆಯಾಯಿತು. ರಾಯ್ ನಾಯಕ, ದೇವಿಕಾ ರಾಣಿ ನಾಯಕಿ. ಲಂಡನ್ನಿನ ವಿಮರ್ಶಕರು ಅವರ ರೂಪವನ್ನೂ ಇಂಗ್ಲಿಷ್ ಉಚ್ಚಾರಣೆಯನ್ನೂ ಕೊಂಡಾಡಿದರು. ಭಾರತದಲ್ಲಿ ಚಿತ್ರಕ್ಕೆ ಜನಮನ್ನಣೆ ದೊರೆಯಲಿಲ್ಲ. ಇಂದು ಆ ಚಿತ್ರದ ಹೆಸರೆತ್ತಿದೊಡನೆ ಅದರಲ್ಲಿನ ಚುಂಬನದೃಶ್ಯದ ಪ್ರಸ್ತಾಪ ಬರುತ್ತದೆ. ಚಿತ್ರದ ಮಹತ್ವ ಅಲ್ಲಿಲ್ಲ. ಮೂಕಚಿತ್ರಕ್ಕೆ ಭಾಷೆಯ ಗಡಿಯಿರಲಿಲ್ಲ. ಮಾತು ಬಂದ ಮೇಲೆ ಪ್ರತಿಯೊಂದು ನಾಡಿನ ಮಾರುಕಟ್ಟೆಯೂ ತನ್ನ ಭಾಷೆಯೊಳಗೆ ಮುಚ್ಚಿಕೊಂಡಿತು. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೂ ಅದೇ ಆಗಿದ್ದು, ಜರ್ಮನಿಯ ಸಹಯೋಗವನ್ನು ನೆಚ್ಚಿಕೊಳ್ಳುವುದು ಇನ್ನು ಸಾಧ್ಯವಿರಲಿಲ್ಲ. ಭಾರತೀಯ ಪ್ರೇಕ್ಷಕರಿಗಾಗಿ ಭಾರತದಲ್ಲಿಯೇ ಚಿತ್ರ ತಯಾರಿಸಬೇಕೆಂದು ದಂಪತಿಗಳು ಮುಂಬಯಿಗೆ ಮರಳಿದರು.

1934ರಲ್ಲಿ ಮುಂಬಯಿಯ ಹೊರವಲಯದ ಮಾಲಾಡಿನಲ್ಲಿ ಬಾಂಬೆ ಟಾಕೀಸ್ ಆರಂಭವಾಯಿತು. ಈ ಸಂಸ್ಥೆಯ ರಚನೆಯನ್ನು ಸ್ವಲ್ಪ ವಿವರವಾಗಿ ಗಮನಿಸಬೇಕು. ಅದು ಷೇರು ಬಂಡವಾಳದ ನೋಂದಾಯಿತ ಕಂಪನಿ. ಎಫ್. ಇ. ದಿನ್‌ಶಾ, ಸರ್ ಚಿಮನ್‌ಲಾಲ್ ಸೆಟಲ್‌ವಾಡ್ ಮೊದಲಾದ ಉದ್ಯಮಿ ಹಾಗೂ ನ್ಯಾಯವಾದಿಗಳ ಬೆಂಬಲ ಅದಕ್ಕಿತ್ತು. ಸಿನಿಮಾವೆಂದರೆ ಜೂಜು ಎಂದೇ ಭಾವಿಸುತ್ತಿದ್ದ ಕಾಲದಲ್ಲಿ ಲೆಕ್ಕಪತ್ರ, ಆಡಳಿತ ಮಂಡಳಿ, ಲಾಭಾಂಶಗಳ ಶಿಸ್ತಿಗೆ ಒಳಪಟ್ಟ ಚಿತ್ರಸಂಸ್ಥೆಗಳು ತೀರ ವಿರಳ. ನಿರ್ದೇಶನಕ್ಕೆ ಓಸ್ಟೆನ್, ಛಾಯಾಗ್ರಹಣಕ್ಕೆ ಯೋಸೆಫ್ ವಿರ್ಶಿಂಗ್, ದೃಶ್ಯಸಜ್ಜೆಗೆ ಕಾರ್ಲ್ ಫಾನ್ ಸ್ಪ್ರೆಟಿ ಜರ್ಮನಿಯಿಂದ ಬಂದರು. ಕಥೆ ಒದಗಿಸುತ್ತಿದ್ದವರು ನಿರಂಜನ್ ಪಾಲ್. ಒಬ್ಬೊಬ್ಬ ಪರಿಣತನ ಕೈಕೆಳಗೂ ಭಾರತೀಯ ತರುಣರು ಕೆಲಸ ಕಲಿಯಬೇಕೆಂಬುದು ಸಂಸ್ಥೆಯ ಉದ್ದೇಶ. ಪದವೀಧರರಿಗೆ ಆದ್ಯತೆಯಿತ್ತು. ನಟರು, ತಂತ್ರಜ್ಞರು, ಗುಮಾಸ್ತರು ಎಲ್ಲರೂ ತಿಂಗಳ ಸಂಬಳದವರು. ಜಾತಿಭೇದವಿಲ್ಲದೆ ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿ ಅಲ್ಲಿ ರೂಢಿಯಲ್ಲಿತ್ತು.

ಮರ್ಯಾದೆಯ ಪ್ರಶ್ನೆ ಸಂಸ್ಥೆಯ ಮೊದಲ ಚಿತ್ರದಲ್ಲಿಯೇ ಎದುರಾಯಿತು. 1935ರ 'ಜವಾನಿ ಕೀ ಹವಾ' ಚಿತ್ರಕ್ಕೆ ಸಂಗೀತ ನೀಡಿದವರು ಖುರ್ಷೀದ್ ಹೋಮ್‌ಜಿ ಎಂಬ ಪಾರ್ಸಿ ಮಹಿಳೆ. ಅವರ ಸೋದರಿ ಮಾಣೆಕ್ ಅದರಲ್ಲಿ ಅಭಿನಯಿಸಿದ್ದರು. ಪಾರ್ಸಿ ಸಮುದಾಯದ ಒಂದು ವರ್ಗ ಇದನ್ನು ಬಲವಾಗಿ ವಿರೋಧಿಸಿತು. ಸಂಸ್ಥೆ ಅವರಿಬ್ಬರನ್ನೂ ಕೈಬಿಡಲಿಲ್ಲ. ಹೆಸರನ್ನು ಮಾತ್ರ ಸರಸ್ವತಿ ದೇವಿ, ಚಂದ್ರಪ್ರಭಾ ಎಂದು ಬದಲಾಯಿಸಲಾಯಿತು. ಸರಸ್ವತಿ ದೇವಿ ಮುಂದೆ ಬಾಂಬೆ ಟಾಕೀಸಿನ ಅನೇಕ ಚಿತ್ರಗಳಿಗೆ ಸ್ವರಸಂಯೋಜನೆ ಮಾಡಿ ಹಿಂದಿ ಚಿತ್ರರಂಗದ ಆದ್ಯ ಸಂಗೀತ ನಿರ್ದೇಶಕಿಯರ ಸಾಲಿನಲ್ಲಿ ನಿಂತರು. ವಿರೋಧಕ್ಕೆ ಮಣಿಯಲಿಲ್ಲ, ಆದರೆ ಹೆಸರು ಮರೆಯಾಯಿತು ಎಂಬ ಈ ಅರ್ಧ ಗೆಲುವು ಆ ಕಾಲದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ.

'ಜವಾನಿ ಕೀ ಹವಾ' ಚಿತ್ರದ ನಾಯಕ ನಜ್ಮುಲ್ ಹಸನ್. ಮುಂದಿನ ಚಿತ್ರ 'ಜೀವನ್ ನೈಯಾ' ಸಿದ್ಧವಾಗುತ್ತಿದ್ದಾಗ ದೇವಿಕಾ ರಾಣಿ ಅವರು ಪತಿಯನ್ನು ತೊರೆದು ಆತನೊಂದಿಗೆ ಕಲ್ಕತ್ತೆಗೆ ಹೊರಟುಹೋದರು. ಸಂಸ್ಥೆಯ ಶಶಧರ ಮುಖರ್ಜಿ ನಡುವೆ ನಿಂತು ಸಂಧಾನ ಮಾಡಿದ ಮೇಲೆ ಅವರು ಹಿಂದಿರುಗಿದರು. ಹಸನ್‌ಗೆ ಮಾಲಾಡಿನ ಬಾಗಿಲು ಮುಚ್ಚಿತು. ಈ ಪ್ರಸಂಗಕ್ಕೆ ಚಿತ್ರರಂಗದ ಕಥಾಪುರಾಣಗಳಲ್ಲಿ ಸಿಕ್ಕಿರುವ ಪ್ರಾಶಸ್ತ್ಯ ಅದರ ಯೋಗ್ಯತೆಯನ್ನು ಮೀರಿದುದು. ಇಲ್ಲಿ ಹೇಳಬೇಕಾದದ್ದು ಅದರ ಫಲವನ್ನಷ್ಟೆ. ತೆರವಾದ ಸ್ಥಾನಕ್ಕೆ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ, ಅಭಿನಯದಲ್ಲಿ ಯಾವ ಆಸಕ್ತಿಯನ್ನೂ ತೋರದಿದ್ದ ತರುಣನೊಬ್ಬನನ್ನು ರಾಯ್ ನಿಲ್ಲಿಸಿದರು. ಆ ತರುಣನೇ ಅಶೋಕ್ ಕುಮಾರ್.

1936ರಲ್ಲಿ ತೆರೆಕಂಡ 'ಅಛೂತ್ ಕನ್ಯಾ' ಈ ಜೋಡಿಯ ಅತ್ಯಂತ ಪ್ರಸಿದ್ಧ ಚಿತ್ರ. ರೈಲ್ವೆ ಗೇಟು ಕಾಯುವ ಅಸ್ಪೃಶ್ಯ ಸಮುದಾಯದ ವ್ಯಕ್ತಿಯ ಮಗಳು ಕಸ್ತೂರಿ. ಬ್ರಾಹ್ಮಣ ತರುಣ ಪ್ರತಾಪ. ಅವರ ಪ್ರೀತಿ ಈಡೇರುವುದಿಲ್ಲ, ಕಡೆಗೆ ಕಸ್ತೂರಿ ರೈಲಿಗೆ ಸಿಕ್ಕಿ ಪ್ರಾಣ ಬಿಡುತ್ತಾಳೆ. ಹರಿಜನೋದ್ಧಾರ ಚಳವಳಿಯ ನಡುವೆ ಬಂದ ಈ ಚಿತ್ರ ಅಸ್ಪೃಶ್ಯತೆಯನ್ನು ನೇರವಾಗಿ ಎತ್ತಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಆದರೂ ಇಂದಿನ ಓದಿಗೆ ಅದರ ಮಿತಿಗಳು ಸ್ಪಷ್ಟ. ಜಾತಿಯ ಪಾಪಕ್ಕೆ ಪ್ರಾಯಶ್ಚಿತ್ತ ತೆರುವವಳು ಅದರಿಂದ ನೊಂದ ಹೆಣ್ಣೇ ಆಗುತ್ತಾಳೆ. ಬಿಲ್ಲಿನಂತೆ ತಿದ್ದಿದ ಹುಬ್ಬು, ನಯವಾದ ಉಡುಗೆಗಳ ಕಸ್ತೂರಿ ಹಳ್ಳಿಯ ದುಡಿಮೆಯ ಹೆಣ್ಣಾಗಿ ಕಾಣುವುದೂ ಇಲ್ಲ. ಅಭಿನೇತ್ರಿಯಾಗಿ ದೇವಿಕಾ ರಾಣಿ ಅವರ ಶಕ್ತಿಯಿದ್ದುದು ಮುಖದ ಸೂಕ್ಷ್ಮ ಚಲನೆಯಲ್ಲಿ, ಕ್ಯಾಮೆರಾವನ್ನು ಬಲ್ಲವರ ಮಿತವ್ಯಯದಲ್ಲಿ. ಅವರು ಮಹಾನಟಿಯೆಂದು ಈ ಲೇಖನ ವಾದಿಸುವುದಿಲ್ಲ. 'ಇಜ್ಜತ್', 'ಸಾವಿತ್ರಿ', 'ಜೀವನ್ ಪ್ರಭಾತ್', 'ನಿರ್ಮಲಾ', 'ವಚನ್', 'ದುರ್ಗಾ' ಚಿತ್ರಗಳು 1937ರಿಂದ 1939ರ ನಡುವೆ ಒಂದರ ಹಿಂದೊಂದು ಬಂದವು.

ಎರಡನೆಯ ಮಹಾಯುದ್ಧ ಸಂಸ್ಥೆಯ ಬುಡವನ್ನೇ ಅಲುಗಿಸಿತು. 1939ರಲ್ಲಿ ಬ್ರಿಟಿಷ್ ಸರ್ಕಾರ ಶತ್ರುರಾಷ್ಟ್ರದ ಪ್ರಜೆಗಳೆಂದು ಓಸ್ಟೆನ್, ವಿರ್ಶಿಂಗ್ ಮೊದಲಾದ ಜರ್ಮನರನ್ನು ಬಂಧನದಲ್ಲಿಟ್ಟಿತು. ಸ್ಟುಡಿಯೊ ಒಂದೇ ಏಟಿಗೆ ತನ್ನ ನಿರ್ದೇಶಕನನ್ನೂ ಛಾಯಾಗ್ರಾಹಕನನ್ನೂ ಕಳೆದುಕೊಂಡಿತು. ಅದರ ಒತ್ತಡದಲ್ಲಿಯೇ ಹಿಮಾಂಶು ರಾಯ್ ಅವರ ಆರೋಗ್ಯ ಕುಸಿದು 1940ರ ಮೇ ತಿಂಗಳಲ್ಲಿ ಅವರು ನಿಧನರಾದರು. ಆಗ ದೇವಿಕಾ ರಾಣಿ ಅವರಿಗೆ ಮೂವತ್ತೆರಡು ವರ್ಷ. ಕಂಪನಿಯ ಆಡಳಿತ ಅವರ ಕೈಗೆ ಬಂದಿತು.

ಅವರು ಕೈಗೊಂಡ ಮುಖ್ಯ ವ್ಯವಸ್ಥೆಯೆಂದರೆ ತಯಾರಿಕೆಯನ್ನು ಎರಡು ತಂಡಗಳಿಗೆ ಹಂಚಿದ್ದು. ಒಂದು ಶಶಧರ ಮುಖರ್ಜಿ ಅವರದು, ಇನ್ನೊಂದು ಅಮಿಯ ಚಕ್ರವರ್ತಿ ಅವರದು. ಎರಡೂ ಸರದಿಯ ಮೇಲೆ ಚಿತ್ರ ತಯಾರಿಸಬೇಕು. ವಿದೇಶಿ ಪರಿಣತರು ಇಲ್ಲವಾದ ಮೇಲೆ ಸಂಸ್ಥೆಯಲ್ಲಿಯೇ ತರಬೇತಿ ಪಡೆದವರು ಪೂರ್ಣ ಹೊಣೆ ಹೊತ್ತರು. ಫಲಿತಾಂಶ ಗಮನಾರ್ಹವಾಗಿತ್ತು. 1940ರ 'ಬಂಧನ್', 1941ರ 'ಝೂಲಾ', 1942ರ 'ಬಸಂತ್', 1943ರ 'ಕಿಸ್ಮತ್' ಎಲ್ಲವೂ ಗೆದ್ದವು. ಗ್ಯಾನ್ ಮುಖರ್ಜಿ ನಿರ್ದೇಶನದ 'ಕಿಸ್ಮತ್' ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. 'ಬಸಂತ್' ಚಿತ್ರದ ಬಾಲನಟಿ ಮುಮ್ತಾಜ್ ಮುಂದೆ ಮಧುಬಾಲಾ ಆದರು. ಅಧ್ಯಕ್ಷೆಯ ಸ್ವಂತ ಅಭಿನಯ ಈ ಅವಧಿಯಲ್ಲಿ ಎರಡೇ ಚಿತ್ರಗಳಿಗೆ ಸೀಮಿತವಾಗಿತ್ತು: 1941ರ 'ಅಂಜಾನ್' ಮತ್ತು 1943ರ 'ಹಮಾರಿ ಬಾತ್'. ತಾನೇ ತಾರೆಯಾಗಿದ್ದೂ ಸ್ಟುಡಿಯೊದ ಚಿತ್ರಗಳನ್ನು ತನ್ನ ಸುತ್ತ ಕಟ್ಟಿಕೊಳ್ಳಲಿಲ್ಲ ಎಂಬುದು ಆಡಳಿತಗಾರ್ತಿಯಾಗಿ ಅವರ ವಿವೇಕಕ್ಕೆ ಸಾಕ್ಷಿ. ಚಿತ್ರಚರಿತ್ರೆಗಳು 'ಕಿಸ್ಮತ್' ಚಿತ್ರದ ಗೆಲುವನ್ನು ನಿರ್ದೇಶಕ, ನಾಯಕ, ನಿರ್ಮಾಪಕರ ಖಾತೆಗೆ ಬರೆಯುತ್ತವೆ. ಅದು ಸರಿಯೇ. ಆದರೆ ಆ ಚಿತ್ರ ತಯಾರಾದ ಸಂಸ್ಥೆಯನ್ನು ಆಗ ನಡೆಸುತ್ತಿದ್ದವರು ಯಾರೆಂಬುದು ಆ ಖಾತೆಯಲ್ಲಿ ಬಹುಮಟ್ಟಿಗೆ ಬಿಟ್ಟುಹೋಗಿದೆ.

ಎರಡು ತಂಡಗಳ ವ್ಯವಸ್ಥೆಯೇ ಒಡಕಿಗೂ ಕಾರಣವಾಯಿತು. ಅಧ್ಯಕ್ಷೆಯ ಒಲವು ಚಕ್ರವರ್ತಿಯವರ ಕಡೆಗಿದೆಯೆಂಬ ಅಸಮಾಧಾನ ಬೆಳೆದು, 1943ರಲ್ಲಿ ಮುಖರ್ಜಿ, ಅಶೋಕ್ ಕುಮಾರ್, ಗ್ಯಾನ್ ಮುಖರ್ಜಿ ಮೊದಲಾದವರು ಹೊರಬಂದು ಫಿಲ್ಮಿಸ್ತಾನ್ ಸಂಸ್ಥೆಯನ್ನು ಕಟ್ಟಿದರು. ಮಹಿಳೆಯೊಬ್ಬರ ಆಡಳಿತವನ್ನು ಸಹಿಸದ ಮನೋಭಾವವಷ್ಟೇ ಇದಕ್ಕೆ ಕಾರಣವೆಂದು ಹೇಳಿದರೆ ವಿಷಯ ಸರಳವಾಗಿಬಿಡುತ್ತದೆ. ಯಶಸ್ಸು ತಂದವರು ಆ ಯಶಸ್ಸಿನಲ್ಲಿ ಪಾಲನ್ನೂ ಅಧಿಕಾರವನ್ನೂ ಬಯಸಿದ್ದು ಸಹಜ. ಅದನ್ನು ಹಂಚುವ ಮಾರ್ಗ ದೇವಿಕಾ ರಾಣಿ ಅವರಿಗೆ ಹೊಳೆಯಲಿಲ್ಲ ಎಂಬುದನ್ನೂ ಒಪ್ಪಬೇಕು.

ಒಡಕಿನ ಆ ದಿನಗಳಲ್ಲಿಯೇ ಅವರು ಮಾಡಿದ ಒಂದು ಆಯ್ಕೆ ಹಿಂದಿ ಸಿನಿಮಾದ ದಿಕ್ಕನ್ನು ಬದಲಿಸಿತು. 1942ರಲ್ಲಿ ಪರಿಚಿತರೊಬ್ಬರ ಜೊತೆ ಮಾಲಾಡಿಗೆ ಬಂದ ಹಣ್ಣಿನ ವ್ಯಾಪಾರಿ ಮನೆತನದ ಯೂಸುಫ್ ಖಾನ್ ಎಂಬ ಯುವಕನನ್ನು ಅವರು ಕಂಡು ಮಾತನಾಡಿಸಿದರು. ಉರ್ದು ಬರುತ್ತದೆಯೇ ಎಂದು ವಿಚಾರಿಸಿ, ತಿಂಗಳಿಗೆ 1,250 ರೂಪಾಯಿ ಸಂಬಳದ ಕೆಲಸ ಕೊಟ್ಟರು. ಆ ಮೊತ್ತ ವರ್ಷಕ್ಕಿರಬೇಕೆಂದು ಅನುಮಾನಪಟ್ಟ ಸಂಗತಿಯನ್ನು ಆ ಯುವಕ ಎಷ್ಟೋ ವರ್ಷಗಳ ಅನಂತರ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ದಿಲೀಪ್ ಕುಮಾರ್ ಎಂಬ ಹೊಸ ಹೆಸರು ಬಂದದ್ದೂ ದೇವಿಕಾ ರಾಣಿ ಅವರ ಸೂಚನೆಯಿಂದಲೇ. 1944ರಲ್ಲಿ ಅಮಿಯ ಚಕ್ರವರ್ತಿ ಅವರ 'ಜ್ವಾರ್ ಭಾಟಾ' ಬಿಡುಗಡೆಯಾಯಿತು. ಚಿತ್ರ ಗೆಲ್ಲಲಿಲ್ಲ, ನಟ ಉಳಿದರು.

ಯುದ್ಧಕಾಲದ ಅರ್ಥವ್ಯವಸ್ಥೆ ಸ್ಟುಡಿಯೊ ಪದ್ಧತಿಗೆ ಪ್ರತಿಕೂಲವಾಗಿತ್ತು. ಕಚ್ಚಾ ಫಿಲ್ಮಿನ ಅಭಾವದಿಂದ ಸರ್ಕಾರ ಅದರ ಹಂಚಿಕೆಯ ಮೇಲೆ ನಿಯಂತ್ರಣ ಹೇರಿ, ಚಿತ್ರಗಳ ಉದ್ದಕ್ಕೂ ಮಿತಿ ಕಟ್ಟಿತು. ಇನ್ನೊಂದೆಡೆ ಕಾಳಸಂತೆಯ ಹಣ ಚಿತ್ರರಂಗಕ್ಕೆ ಹರಿದು, ಒಂದೆರಡು ಚಿತ್ರ ತೆಗೆದು ಮಾಯವಾಗುವ ನಿರ್ಮಾಪಕರು ತಾರೆಯರಿಗೆ ಒಂದೊಂದು ಚಿತ್ರಕ್ಕೂ ದೊಡ್ಡ ಮೊತ್ತ ಕೊಡತೊಡಗಿದರು. ತಿಂಗಳ ಸಂಬಳದ ಸ್ಟುಡಿಯೊ ಅವರೊಡನೆ ಪೈಪೋಟಿ ಮಾಡುವಂತಿರಲಿಲ್ಲ. ಎಸ್. ಕೆ. ಪಾಟೀಲ್ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿ 1951ರಲ್ಲಿ ಸಲ್ಲಿಸಿದ ವರದಿ ಈ ಕುಸಿತವನ್ನು ವಿಸ್ತಾರವಾಗಿ ಚರ್ಚಿಸಿದೆ. 1945ರಲ್ಲಿ ದೇವಿಕಾ ರಾಣಿ ತಮ್ಮ ಷೇರುಗಳನ್ನು ಮಾರಿ, ರಷ್ಯನ್ ಚಿತ್ರಕಾರ ನಿಕೊಲಾಯ್ ರೋರಿಚ್ ಅವರ ಮಗ, ಸ್ವತಃ ಚಿತ್ರಕಾರರಾದ ಸ್ವೆತೊಸ್ಲಾವ್ ರೋರಿಚ್ ಅವರನ್ನು ವಿವಾಹವಾಗಿ ಚಿತ್ರರಂಗದಿಂದ ಹೊರನಡೆದರು. ಬಾಂಬೆ ಟಾಕೀಸ್ ಅಶೋಕ್ ಕುಮಾರ್ ಅವರ ನೇತೃತ್ವದಲ್ಲಿ ಕೆಲವು ವರ್ಷ ಚೇತರಿಸಿಕೊಂಡು, 1949ರ 'ಮಹಲ್' ಚಿತ್ರದಂಥ ಯಶಸ್ಸು ಕಂಡರೂ 1950ರ ದಶಕದಲ್ಲಿ ಮುಚ್ಚಿಹೋಯಿತು.

ರೋರಿಚ್ ದಂಪತಿಗಳು ಮೊದಲು ಕುಲು ಕಣಿವೆಯಲ್ಲಿದ್ದು, ಬಳಿಕ ಬೆಂಗಳೂರಿಗೆ ಬಂದು ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು. ನಾನೂರೈವತ್ತು ಎಕರೆಗೂ ಮಿಗಿಲಾದ ಆ ತೋಟದಲ್ಲಿ ಲಿನಾಲೋ ಎಂಬ ಸುಗಂಧ ಮರವನ್ನು ಬೆಳೆಸಿ ಅದರ ತೈಲವನ್ನು ತೆಗೆಯುತ್ತಿದ್ದರು. ಕನ್ನಡ ನಾಡಿನ ಕಲಾವಲಯಕ್ಕೆ ಸ್ವೆತೊಸ್ಲಾವ್ ಅವರ ಪರಿಚಯ ಚೆನ್ನಾಗಿತ್ತು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಕ್ಕಳಿಬ್ಬರ ಕೃತಿಗಳ ಸಂಗ್ರಹವಿದೆ. ಆದರೆ ಅದೇ ಊರಿನಲ್ಲಿ ಬೆಳೆಯುತ್ತಿದ್ದ ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ದೇವಿಕಾ ರಾಣಿ ಅವರ ಹೆಸರು ಬರುವುದಿಲ್ಲ. ಸ್ಟುಡಿಯೊ ಕಟ್ಟಿ ನಡೆಸಿದ ಅನುಭವಿಯೊಬ್ಬರು ಅಷ್ಟು ಸಮೀಪದಲ್ಲಿದ್ದೂ ಕನ್ನಡ ಚಿತ್ರಗಳು ಬಹುಕಾಲ ಮದರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದವು ಎಂಬುದು ಯೋಚಿಸಬೇಕಾದ ಸಂಗತಿ.

ಅವರು ಸಿನಿಮಾವನ್ನು ಪೂರ್ತಿಯಾಗಿ ಮರೆತಿರಲೂ ಇಲ್ಲ. ಉನ್ನತ ಕಲಾತ್ಮಕ, ತಾಂತ್ರಿಕ ಮಟ್ಟ ಮತ್ತು ಸಾಂಸ್ಕೃತಿಕ ಮೌಲ್ಯವುಳ್ಳ ಚಿತ್ರಗಳನ್ನು ಪ್ರೋತ್ಸಾಹಿಸಲು ಭಾರತ ಸರ್ಕಾರ 1954ರಲ್ಲಿ ರಾಜ್ಯ ಪ್ರಶಸ್ತಿಗಳನ್ನು ಆರಂಭಿಸಿತು. ಇವೇ ಮುಂದೆ ರಾಷ್ಟ್ರೀಯ ಪ್ರಶಸ್ತಿಗಳಾದವು. 1953ರ ಚಿತ್ರಗಳಿಗಾಗಿ ನೀಡಿದ ಮೊದಲ ಸ್ವರ್ಣಪದಕ ಆಚಾರ್ಯ ಅತ್ರೆ ಅವರ ಮರಾಠಿ ಚಿತ್ರ 'ಶ್ಯಾಮ್‌ಚೀ ಆಯಿ'ಗೆ ಸಂದಿತು. ಮರುವರ್ಷದ ಸಾಲಿನಲ್ಲಿ ಕನ್ನಡದ 'ಬೇಡರ ಕಣ್ಣಪ್ಪ' ಪ್ರಶಸ್ತಿಪತ್ರ ಪಡೆಯಿತು. ಸರ್ಕಾರ ಮತ್ತು ಚಿತ್ರರಂಗ ಪರಸ್ಪರ ಸಂಶಯದಿಂದ ನೋಡುತ್ತಿದ್ದ ದಿನಗಳವು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ದೆಹಲಿಯಲ್ಲಿ ನಡೆಸಿದ, ಪ್ರಧಾನಿ ನೆಹರೂ ಉದ್ಘಾಟಿಸಿದ ಚಲನಚಿತ್ರ ವಿಚಾರ ಸಂಕಿರಣದ ಸಂಘಟನೆಯಲ್ಲಿ ದೇವಿಕಾ ರಾಣಿ ಪ್ರಮುಖ ಹೊಣೆ ಹೊತ್ತರು. ಚಿತ್ರರಂಗದ ಹಿರಿಯರನ್ನೂ ಸರ್ಕಾರದ ಪ್ರತಿನಿಧಿಗಳನ್ನೂ ಒಂದೆಡೆ ಕೂಡಿಸಿದ ಆ ಸಭೆ ಸಿನಿಮಾವನ್ನು ಇತರ ಕಲೆಗಳ ಸಾಲಿನಲ್ಲಿ ಕೂರಿಸಿತು. 1958ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಈ ಹಿನ್ನೆಲೆಯಲ್ಲಿ 1969ನೆಯ ಸಾಲಿನ ಪ್ರಶಸ್ತಿಗಳನ್ನು ನೋಡಬಹುದು. ಆ ವರ್ಷದ ಅತ್ಯುತ್ತಮ ಚಿತ್ರ ಮೃಣಾಲ್ ಸೇನ್ ಅವರ 'ಭುವನ್ ಶೋಮ್'. ಸರ್ಕಾರಿ ಸಂಸ್ಥೆಯ ಸಾಲದಿಂದ, ಕಡಿಮೆ ವೆಚ್ಚದಲ್ಲಿ, ತಾರೆಯರಿಲ್ಲದೆ ತಯಾರಾದ ಆ ಚಿತ್ರ ಹೊಸ ಅಲೆಯ ಆರಂಭವೆಂದು ಪರಿಗಣಿತವಾಗಿದೆ. ಕನ್ನಡದ ಅತ್ಯುತ್ತಮ ಚಿತ್ರವೆಂದು ಆಯ್ಕೆಯಾದದ್ದು ಪುಟ್ಟಣ್ಣ ಕಣಗಾಲ್ ಅವರ 'ಗೆಜ್ಜೆಪೂಜೆ'. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದ ನಾಯಕಿ ವೇಶ್ಯಾಕುಲದಲ್ಲಿ ಹುಟ್ಟಿ, ಸಂಸಾರಸ್ಥೆಯ ಮರ್ಯಾದೆಯನ್ನು ಬಯಸಿ ಸೋಲುವವಳು. ಹೆಣ್ಣಿನ ಮರ್ಯಾದೆಯನ್ನು ಸಮಾಜ ಯಾವ ಮನೆಯ ಹೊಸ್ತಿಲಿನಿಂದ ಅಳೆಯುತ್ತದೆಂಬ ಪ್ರಶ್ನೆಯನ್ನು ಕೇಳಿದ ಚಿತ್ರವೂ, ಆ ಹೊಸ್ತಿಲನ್ನು ದಾಟಿ ಸಿನಿಮಾಕ್ಕೆ ಬಂದ ಹಿರಿಯ ಮಹಿಳೆಯೂ ಒಂದೇ ಸಾಲಿನ ಪ್ರಶಸ್ತಿಪಟ್ಟಿಯಲ್ಲಿ ಸೇರಿದ್ದು ಆಕಸ್ಮಿಕವೇ ಇರಬಹುದು. ಆದರೂ ಉಲ್ಲೇಖಾರ್ಹ.

ಮೊದಲ ಆಯ್ಕೆಯನ್ನು ಎರಡನೆಯದರ ಜೊತೆಗಿಟ್ಟು ಓದಿದಾಗ ಅದರ ತರ್ಕ ಸ್ಪಷ್ಟವಾಗುತ್ತದೆ. 1970ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದವರು ಬಿ. ಎನ್. ಸರ್ಕಾರ್, ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯನ್ನು ಸ್ಥಾಪಿಸಿದವರು. ಅವರು ನಟರಲ್ಲ, ನಿರ್ದೇಶಕರೆಂದು ಹೆಸರಾದವರೂ ಅಲ್ಲ. ಸರ್ಕಾರ್ ಅವರನ್ನು ಸಂಸ್ಥೆ ಕಟ್ಟಿದವರೆಂದು ಗುರುತಿಸುವ ನಾವು ದೇವಿಕಾ ರಾಣಿ ಅವರನ್ನು ಮಾತ್ರ ತೆರೆಯ ಸುಂದರಿಯೆಂದು ಏಕೆ ಗುರುತಿಸಬೇಕು? ಮುದ್ರಣಾಲಯ ನಡೆಸಿ, ಯಂತ್ರಗಳನ್ನು ಕೊಂಡು ತಂದು, ಮನೆಮಂದಿಗೆಲ್ಲ ಕೆಲಸ ಕಲಿಸಿ ಚಿತ್ರ ತಯಾರಿಸಿದ ಫಾಲ್ಕೆ ಅವರೂ ಮೂಲತಃ ಸಂಸ್ಥೆ ಕಟ್ಟಿದವರೇ. ಅವರ ಹೆಸರಿನ ಪ್ರಶಸ್ತಿಯ ಮೊದಲ ಎರಡು ವರ್ಷಗಳು ಎರಡು ಸ್ಟುಡಿಯೊಗಳಿಗೆ ಸಂದವೆಂದು ತಿಳಿಯುವುದೇ ಯುಕ್ತ. ಮಾಲಾಡಿನ ಸ್ಟುಡಿಯೊ ಬೆಳೆಸಿದವರು ಮುಂದೆ ಅದೇ ವೇದಿಕೆಗೆ ಒಬ್ಬೊಬ್ಬರಾಗಿ ಬಂದದ್ದು ಈ ಓದಿಗೆ ಪೋಷಕವಾಗಿದೆ. 1988ರ ಸಾಲಿಗೆ ಅಶೋಕ್ ಕುಮಾರ್, 1994ರ ಸಾಲಿಗೆ ದಿಲೀಪ್ ಕುಮಾರ್, 'ಬಂಧನ್' ಮತ್ತು 'ಕಿಸ್ಮತ್' ಚಿತ್ರಗಳಿಗೆ ಹಾಡು ಬರೆದ ಕವಿ ಪ್ರದೀಪ್ 1997ರ ಸಾಲಿಗೆ ಪುರಸ್ಕೃತರಾದರು. ಕನ್ನಡದ ರಾಜ್‌ಕುಮಾರ್ ಅವರಿಗೆ ಈ ಗೌರವ ಸಂದದ್ದು 1995ರ ಸಾಲಿನಲ್ಲಿ.

ಮಹಿಳೆಯರ ಮಟ್ಟಿಗೆ ಪಟ್ಟಿ ಹೇಳುವುದು ಬೇರೆ ಕಥೆ. ಆರಂಭದ ಹದಿನೈದು ವರ್ಷಗಳಲ್ಲಿ ದೇವಿಕಾ ರಾಣಿ, ಸುಲೋಚನಾ, ಕಾನನ್ ದೇವಿ, ದುರ್ಗಾ ಖೋಟೆ ಹೀಗೆ ನಾಲ್ವರು ಅಭಿನೇತ್ರಿಯರು ಗೌರವಿತರಾದರು. 1983ರ ಸಾಲಿನ ದುರ್ಗಾ ಖೋಟೆ ಅವರ ಬಳಿಕ 2020ರ ಸಾಲಿಗೆ ಆಶಾ ಪಾರೇಖ್ ಆಯ್ಕೆಯಾಗುವವರೆಗೆ ಒಬ್ಬ ಅಭಿನೇತ್ರಿಯೂ ಇಲ್ಲ; ನಡುವೆ ಬಂದ ಇಬ್ಬರು ಮಹಿಳೆಯರು ಲತಾ ಮಂಗೇಶ್ಕರ್ ಮತ್ತು ಆಶಾ ಭೋಸ್ಲೆ, ಇಬ್ಬರೂ ಗಾಯಕಿಯರು. 2021ರ ಸಾಲಿನ ವಹೀದಾ ರೆಹಮಾನ್ ಅವರನ್ನು ಸೇರಿಸಿದರೆ ಮಹಿಳೆಯರ ಒಟ್ಟು ಸಂಖ್ಯೆ ಎಂಟು. ಸಂಕಲನ, ಸಂಗೀತ ನಿರ್ದೇಶನ, ಚಿತ್ರನಿರ್ದೇಶನಗಳಲ್ಲಿ ಮುಖ್ಯವಾಗಿ ದುಡಿದ ಮಹಿಳೆಯೊಬ್ಬರೂ ಈ ಎಂಟರಲ್ಲಿಲ್ಲ. ಸ್ಟುಡಿಯೊ ಆಡಳಿತಗಾರ್ತಿಯೊಬ್ಬರಿಂದ ಮೊದಲಾದ ಪಟ್ಟಿ ಅನಂತರ ಹೆಣ್ಣನ್ನು ಮುಖವಾಗಿ ಇಲ್ಲವೆ ಕಂಠವಾಗಿ ಮಾತ್ರ ಗುರುತಿಸುತ್ತ ಬಂದಿದೆ. 1961ರವರೆಗೂ ಚಿತ್ರಗಳಿಗೆ ಸಂಗೀತ ನೀಡಿದ ಸರಸ್ವತಿ ದೇವಿಯವರಂಥವರ ಕೆಲಸವನ್ನು ಯಾವ ಪಟ್ಟಿಯೂ ನೆನೆದಿಲ್ಲ.

ಸ್ವೆತೊಸ್ಲಾವ್ ರೋರಿಚ್ 1993ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷ, 1994ರ ಮಾರ್ಚ್ 9ರಂದು, ದೇವಿಕಾ ರಾಣಿ ಬೆಂಗಳೂರಿನಲ್ಲಿ ನಿಧನರಾದರು. ಅವರಿಗೆ ಮಕ್ಕಳಿರಲಿಲ್ಲ. ತೋಟದ ಹಕ್ಕಿನ ಬಗ್ಗೆ ವಿವಾದ ಹುಟ್ಟಿದಾಗ ಕರ್ನಾಟಕ ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯಿದೆಯ ಮೂಲಕ ಎಸ್ಟೇಟನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದವರೆಗೆ ಹೋಗಿ, 2011ರ ಆಗಸ್ಟಿನಲ್ಲಿ ಕಾಯಿದೆಯನ್ನು ಎತ್ತಿಹಿಡಿದ ತೀರ್ಪು ಬಂದಿತು. ಆಸ್ತಿಯ ಹಕ್ಕನ್ನು ಕುರಿತ ಸಂವಿಧಾನದ 300ಎ ವಿಧಿಯ ವ್ಯಾಖ್ಯಾನಕ್ಕಾಗಿ ಕಾನೂನು ವಿದ್ಯಾರ್ಥಿಗಳು ಆ ತೀರ್ಪನ್ನು ಇಂದಿಗೂ ಓದುತ್ತಾರೆ. ಅದರಲ್ಲಿ ಚರ್ಚಿತವಾಗುವ ಕಾಯಿದೆಯ ಶೀರ್ಷಿಕೆಯಲ್ಲಿ ದೇವಿಕಾ ರಾಣಿ ರೋರಿಚ್ ಎಂಬ ಹೆಸರಿದೆ.